ಚಿಗುರು ಬಾಗಿನದಲ್ಲಿ ಬಂದ ನೆಂಟ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಹಿಂದೆ ಕೂತು ಕಿಸಕಿಸ ನಗೋರು ಮೊದಲು ಮುಂದೆ ಬನ್ನಿ. ಈ ಕತೆ ನಿಮ್ಮಂಥವರಿಗೇ ಹೇಳಬೇಕಾದ್ದು.

ಮಂಜುಮಲೆ ಅಂತ ಒಂದು ರಾಜ್ಯ. ರಾಜ್ಯಕ್ಕೆಲ್ಲ ಒಂದೇ ಬೆಟ್ಟ. ಬೆಟ್ಟದ ತುಂಬ ಚಹಾ ಗಿಡ. ಅದನ್ನು ಆಳುತ್ತಿದ್ದವನು ಬೊಮ್ಮರಸ. ಆಳು ಒಳ್ಳೆಯವನೇ, ಆದರೆ ಒಂದು ಖಯಾಲಿ. ಬೆಳಗ್ಗೆ ಚಹಾ ಕುಡಿಯದೆ ಕಣ್ಣು ಬಿಡುತ್ತಿರಲಿಲ್ಲ. ಮಂತ್ರಿ ಬಂದರೂ ಕಣ್ಣು ಮುಚ್ಚಿಕೊಂಡೇ ಮಾತು. ಬೇರೆ ರಾಜ್ಯದ ದೂತ ಬಂದರೂ ಕಣ್ಣು ಮುಚ್ಚಿಕೊಂಡೇ ಮಾತು. ರಾಣಿ ಬಂದು ಬೈದರೂ ಕಣ್ಣು ಮುಚ್ಚಿಕೊಂಡೇ ಬೈಸಿಕೊಳ್ಳುತ್ತಿದ್ದ. ಬಟ್ಟಲು ತುಟಿಗೆ ತಾಗಿದ ಮೇಲೇ ಅವನ ರೆಪ್ಪೆ ಮೇಲೇಳುತ್ತಿದ್ದದ್ದು.

ಆ ಬೆಟ್ಟದಲ್ಲಿ ಮೂರು ತೋಟ. ಬುಡದಲ್ಲಿ ಅಡಿತೋಟ, ಮಧ್ಯದಲ್ಲಿ ನಡುತೋಟ, ನೆತ್ತಿಯಲ್ಲಿ ಮುಡಿತೋಟ. ಒಂದೊಂದು ತೋಟದ ನಡುವೆ ದಟ್ಟ ಕಾಡು. ರಾಜನ ಕಟ್ಟಪ್ಪಣೆ ಏನು ಗೊತ್ತೇ? "ಮೂರು ತೋಟದ ಎಲೆಯೂ ನನ್ನ ಬಟ್ಟಲಿಗೆ ಬೀಳಬೇಕು. ಯಾವ ತೋಟದ ಎಲೆ ಕೆಟ್ಟಿತೋ ಆ ತೋಟದವರು ಗಂಟುಮೂಟೆ ಕಟ್ಟಿಕೊಂಡು ಬೆಟ್ಟ ಇಳಿಯಬೇಕು. ಮತ್ತೆ ಹತ್ತೋ ಹಾಗಿಲ್ಲ."

ಮೂರು ತೋಟಕ್ಕೆ ಮೂವರು ಯಜಮಾನಿಯರು. ಮೂವರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಅಡಿತೋಟ ದೊಡ್ಡವಳು ಕೆಂಚವ್ವನದು. ನಡುತೋಟ ಹೊನ್ನವ್ವನದು. ಮುಡಿತೋಟ ಕಿರಿಯವಳು ಸಣ್ಣತಾಯಿಯದು. ಈ ಸಣ್ಣತಾಯಿಗೆ ಹೆಸರಷ್ಟೇ ಸಣ್ಣದು, ಬಾಯಿ ದೊಡ್ಡದು. ಕೈಯೂ ಚುರುಕು, ಬುದ್ಧಿಯೂ ಚುರುಕು, ನಾಲಿಗೆ ಮಾತ್ರ ಎರಡಕ್ಕಿಂತ ಚುರುಕು. ತೋಟದ ಮೇಲೆ ಪ್ರಾಣ ಇಟ್ಟುಕೊಂಡಿದ್ದಳು. ಅಲ್ಲೇ ಹುಟ್ಟಿದ ಮಕ್ಕಳು, ಅಲ್ಲೇ ಮಣ್ಣಾದ ಗಂಡ. ಮಂಜು ಬಿಟ್ಟು ಬೇರೆ ಕಡೆ ಅವಳಿಗೆ ಉಸಿರೇ ಆಡುತ್ತಿರಲಿಲ್ಲ.

ಈಗ ಅವರ ಪದ್ಧತಿ ಕೇಳಿ. ಬೆಟ್ಟದ ಬುಡದಲ್ಲಿ ಬಿಸಿಲು ಹೆಚ್ಚು, ಅಡಿತೋಟ ಮೊದಲು ಚಿಗುರುತ್ತದೆ. ಆಮೇಲೆ ನಡುತೋಟ. ನೆತ್ತಿಯಲ್ಲಿ ಚಳಿ, ಮುಡಿತೋಟ ಎಲ್ಲಕ್ಕಿಂತ ಕೊನೆಗೆ. ಅದಕ್ಕೇ ಮೊದಲು ಚಿಗುರಿದ ಅಕ್ಕ ಇನ್ನೂ ಚಿಗುರದ ತಂಗಿಗೆ ಬಾಗಿನ ಕೊಡಬೇಕು. ಒಂದು ಮೊರದ ತುಂಬ ಎಳೆ ಚಿಗುರಿನ ಕಡ್ಡಿ, ಮೇಲೊಂದು ಮೊರ ಮುಚ್ಚಿ ನಾರಿನಲ್ಲಿ ಕಟ್ಟಬೇಕು. ಕೆಂಚವ್ವ ಹೊನ್ನವ್ವನಿಗೆ, ಹೊನ್ನವ್ವ ಸಣ್ಣತಾಯಿಗೆ. ಸೆರಗಿನಲ್ಲಿ ಕೊಡಬೇಕು, ಸೆರಗಿನಲ್ಲಿ ಇಸ್ಕೋಬೇಕು. ಬೇಡ ಅನ್ನೋ ಹಾಗಿಲ್ಲ. ತಲೆಯ ಮೇಲೆ ಹೊತ್ತು, ಸೋಬಾನೆ ಹೇಳಿಕೊಂಡು ಹತ್ತಬೇಕು. ದಾರಿಯಲ್ಲಿ ಮುಚ್ಚಳ ತೆಗೆಯೋ ಹಾಗಿಲ್ಲ. ತೋಟದ ನಟ್ಟನಡುವೆ ಹೋಗಿಯೇ ತೆಗೆದು, ಗಿಡಗಳ ನಡುವೆ ಆ ಕಡ್ಡಿಗಳನ್ನು ಸಿಕ್ಕಿಸಿ, "ಅಕ್ಕನ ಹಾಗೆ ಚಿಗುರು" ಅಂತ ಕೈಮುಗಿಯಬೇಕು. ಅಜ್ಜಿಯ ಅಜ್ಜಿ ಕಾಲದಿಂದ ನಡೆದುಬಂದದ್ದು.

ಹೀಗಿರುವಾಗ ಒಂದು ವರ್ಷ ಮಳೆ ಕೈಕೊಟ್ಟಿತು, ಸೆಕೆ ಹೆಚ್ಚಾಯಿತು. ವರ್ಷದ ಕೊನೆಯ ಕೊಯ್ಲಿನ ಹೊತ್ತಿಗೆ ಅಡಿತೋಟದ ಬೇಲಿ ಪಕ್ಕದ ಗಿಡಗಳಲ್ಲಿ ಕಂದು ಚುಕ್ಕೆ ಕಾಣಿಸಿತು. ಎಲೆ ಮುರುಟಿಕೊಂಡಿತು. ಕುಡಿ ಸುಟ್ಟ ಹಾಗೆ ಕರ್ರಗಾಯಿತು. ಕೆಂಚವ್ವ ಗಾಬರಿಬಿದ್ದು ಇಬ್ಬರು ತಂಗಿಯರಿಗೂ ಹೇಳಿಕಳಿಸಿದಳು.

ಹೊನ್ನವ್ವ ಬಂದಳು, ನೋಡಿದಳು. "ಇದು ಸೆಕೆ ರೋಗ ಕಣಕ್ಕ. ನಮ್ಮ ಕಡೆ ಇಲ್ಲ" ಅಂದಳು. ಸೆರಗು ಕೊಡವಿಕೊಂಡು ಹೋದಳು.

ಸಣ್ಣತಾಯಿ ಬಂದಳು, ನೋಡಿದಳು. ಎಲೆ ಕೀಳುವ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಅವರೆದುರಿಗೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನಕ್ಕ ಇದು, ಚಹಾ ತೋಟವೋ, ಇದ್ದಿಲು ಸುಡೋ ಗುಂಡಿಯೋ? ತೋಟ ಗುಡಿಸ್ತೀಯೋ ಇಲ್ವೋ? ನಮ್ಮ ಮೇಲಕ್ಕೆ ಇಂಥದ್ದೆಲ್ಲ ಬರೋಲ್ಲಪ್ಪ. ಬಂದರೂ ಚಳಿಗೆ ಹಲ್ಲು ಕಟಕಟ ಅಂದು ಸಾಯುತ್ತೆ" ಅಂದಳು. ಹೆಂಗಸರಲ್ಲಿ ಒಬ್ಬರು ನಕ್ಕರು. ಇನ್ನೊಬ್ಬರು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಕೆಂಚವ್ವ ನಗಲಿಲ್ಲ. ಅವಳ ಮುಖ ಕೆಂಪಗಾಯಿತು. ಬಾಯಿ ಮುಚ್ಚಿಕೊಂಡು ಮನೆಯೊಳಗೆ ಹೋದಳು.

ರೋಗದ ವಿಷಯಕ್ಕೆ ಆ ಬಾಯಿ ಮತ್ತೆ ತೆರೆಯಲಿಲ್ಲ, ನೆನಪಿಟ್ಟುಕೊಳ್ಳಿ.

ಮರುವರ್ಷ ಬಾಗಿನದ ಕಾಲ ಬಂತು. ಅಡಿತೋಟದಿಂದ ನಡುತೋಟಕ್ಕೆ ಮೊರ ಹತ್ತಿತು. ಕೆಂಚವ್ವ ಏನೂ ಹೇಳಲಿಲ್ಲ. ಕೆಲವು ವಾರ ಕಳೆದು ನಡುತೋಟದಿಂದ ಮುಡಿತೋಟಕ್ಕೆ ಮೊರ ಹತ್ತಿತು. ಹೊನ್ನವ್ವನೂ ಏನೂ ಹೇಳಲಿಲ್ಲ. ಸಣ್ಣತಾಯಿ ಸೆರಗೊಡ್ಡಿ ಇಸ್ಕೊಂಡಳು, ತಲೆಯ ಮೇಲೆ ಹೊತ್ತಳು, ಕಂಠ ಬಿಟ್ಟು ಹಾಡಿದಳು, ತೋಟದ ನಡುವೆ ಮುಚ್ಚಳ ತೆಗೆದು ಒಂದೊಂದೇ ಕಡ್ಡಿ ಸಿಕ್ಕಿಸಿದಳು. ಕೈಮುಗಿದಳು.

ಮುಡಿತೋಟವೂ ಚಿಗುರಿತು. ಎಂಥ ಚಿಗುರು ಅಂತೀರಿ, ಬೆರಳಲ್ಲಿ ಹಿಡಿದರೆ ಬೆಣ್ಣೆ. ಅದನ್ನು ಕಿತ್ತು ಒಣಗಿಸಿದ ಮೇಲೆ ಮೂರು ತೋಟದ ಪೆಟ್ಟಿಗೆಗಳೂ ಒಟ್ಟಿಗೆ ಅರಮನೆಗೆ ಹೋಗಬೇಕು. ನಾಳೆ ಕೊಯ್ಲು ಅಂದರೆ ಇವತ್ತು ಬೆಳಕು ಹರಿಯುವ ಹೊತ್ತಿಗೆ ಸಣ್ಣತಾಯಿ ತೋಟ ನೋಡಲು ಹೋದಳು.

ಮಂಜು ಇನ್ನೂ ಎದ್ದಿರಲಿಲ್ಲ. ಮೊದಲ ಸಾಲಿನ ಕುಡಿ ಮುಟ್ಟಿದಳು. ಕರ್ರಗಿತ್ತು. ಇಬ್ಬನಿಗೆ ಹಾಗೆ ಕಾಣುತ್ತದೆ ಅಂದುಕೊಂಡಳು. ಎರಡನೇ ಸಾಲು ಮುಟ್ಟಿದಳು. ಕರ್ರಗಿತ್ತು. ಕಣ್ಣುಜ್ಜಿಕೊಂಡಳು. ಮೂರನೇ ಸಾಲಿಗೆ ಬರುವ ಹೊತ್ತಿಗೆ ಮಂಜು ಸರಿಯಿತು, ಇಳಿಜಾರು ಪೂರ್ತಿ ಕಂಡಿತು. ನಿನ್ನೆ ಮೊನ್ನೆ ಹಸಿರಾಗಿದ್ದ ಇಳಿಜಾರು ಬೆಂಕಿ ಹಾಯ್ದ ಹಾಗೆ ನಿಂತಿತ್ತು. ಸಣ್ಣತಾಯಿಗೆ ಕೂಗೋಣ ಅಂದರೆ ದನಿ ಇಲ್ಲ. ತನ್ನ ಗಂಡ ಸತ್ತ ದಿನವೂ ಅವಳು ಹೀಗೆ ಮೂಕಿಯಾಗಿರಲಿಲ್ಲ.

"ಏನು ತಾಯಿ, ಬೆಳಗ್ಗೆ ಬೆಳಗ್ಗೆ ಬಂದಿರಿ" ಅಂತು ಒಂದು ದನಿ.

ಎಲೆಯ ಅಡಿ ಮಗುಚಿ ನೋಡಿದಳು. ಒಂದು ಹುಳ. ಸೊಳ್ಳೆಯ ಹಾಗೆ ಸಣಕಲು, ಮೈಗಿಂತ ಉದ್ದ ಮೀಸೆ, ಬೆನ್ನ ಮೇಲೆ ನೆಟ್ಟಗೆ ನಿಂತ ಒಂದು ಗುಂಡುಸೂಜಿ, ಮುಖದಲ್ಲಿ ಇನ್ನೊಂದು ಸೂಜಿ. ಆ ಸೂಜಿಯನ್ನು ಕುಡಿಗೆ ಚುಚ್ಚಿ ಸೊರಸೊರ ಹೀರುತ್ತಿತ್ತು. ಒಂದು ಬಾಯಿ ಹೀರಿತು, ಒಂದು ಕಂದು ಚುಕ್ಕೆ ಮೂಡಿತು.

"ನೀನ್ಯಾರು? ನಿನ್ನನ್ನ ಯಾರು ಕರೆದರು ಇಲ್ಲಿಗೆ?" ಅಂದಳು ಸಣ್ಣತಾಯಿ.

"ನನ್ನ ಹೆಸರು ಸೂಜಿಮೂತಿ. ಕರೆದವರು ನೀವೇ ತಾಯಿ. ಸೆರಗೊಡ್ಡಿ ಇಸ್ಕೊಂಡಿರಲ್ಲ."

"ಸುಳ್ಳು ಬೊಗಳಬೇಡ. ಇಷ್ಟೆತ್ತರ ನೀನು ಹೇಗೆ ಹತ್ತಿದೆ?"

"ನಿಮ್ಮ ತಲೆಯ ಮೇಲೆ ಕೂತು. ಕಾಡು ದಾಟೋಕೆ ನನ್ನಿಂದ ಆಗುತ್ತಿತ್ತೇ? ಗಾಳಿ ಬೀಸಿದರೆ ಬೀಳ್ತೀನಿ. ಬೀಳದಿದ್ದರೆ ಜೇಡ ಹಿಡಿಯುತ್ತೆ, ಜೇಡ ಬಿಟ್ಟರೆ ಹಕ್ಕಿ ಹಿಡಿಯುತ್ತೆ. ಅದಕ್ಕೇ ನಮ್ಮಮ್ಮ ಎಳೆ ಕಡ್ಡಿ ಸೀಳಿ ಅದರೊಳಗೆ ನನ್ನನ್ನ ಮೊಟ್ಟೆಯಾಗಿ ಇಟ್ಟಳು. ನಿಮ್ಮಕ್ಕ ಮುಚ್ಚಳ ಹಾಕಿದರು, ನೀವು ಹೊತ್ತಿರಿ, ಹಾಡಿದಿರಿ. ಎಷ್ಟು ಚೆಂದ ಹಾಡ್ತೀರಿ ತಾಯಿ. ಮೊಟ್ಟೆಯೊಳಗಿದ್ದೂ ಕೇಳಿಸಿಕೊಂಡೆ."

"ಚಳಿಗೆ ನೀನು ಸಾಯಲಿಲ್ಲವೇ?"

"ಅಡಿತೋಟದಲ್ಲಿ ನಮ್ಮ ಮೊಟ್ಟೆ ಬೇಗ ಒಡೆಯುತ್ತೆ. ನಡುತೋಟದಲ್ಲಿ ತಡ. ಇಲ್ಲಿ ಇನ್ನೂ ತಡ. ತಡ ಅಷ್ಟೇ. ಚಳಿ ನಮ್ಮನ್ನ ಕೊಲ್ಲಲಿಲ್ಲ ತಾಯಿ, ಬಚ್ಚಿಟ್ಟಿತು. ನಮ್ಮ ಮೇಲಕ್ಕೆ ಇಂಥದ್ದೆಲ್ಲ ಬರೋಲ್ಲ ಅಂತ ನೀವು ಹೇಳಿಕೊಂಡು ತಿರುಗಾಡಿದಿರಿ, ನಾವು ಆರಾಮಾಗಿ ಒಳಗೆ ಬೆಳೆದೆವು."

ಹೊಗಳಿಕೆ ಬೇಕಾಗಿರಲಿಲ್ಲ ಅದಕ್ಕೆ, ತಾನೇ ಹೊಗಳಿಕೊಳ್ಳುತ್ತಿತ್ತು. ಸೂಜಿಯೆತ್ತಿ ಇನ್ನೊಂದು ಮಾತು ಹೇಳಿತು. "ನನಗೆ ಉಪವಾಸ ಅನ್ನೋದೇ ಇಲ್ಲ. ಬಲಿತ ಎಲೆ ನಾನು ಮುಟ್ಟೋಲ್ಲ, ಸೂಜಿ ಇಳಿಯೋಲ್ಲ. ಎಳೆ ಕುಡಿಯೇ ಆಗಬೇಕು. ಆದರೆ ಈ ಬೆಟ್ಟದಲ್ಲಿ ಮೂರು ಅಡುಗೆಮನೆ. ಒಂದರ ಒಲೆ ಆರಿದರೆ ಇನ್ನೊಂದರದು ಉರಿಯುತ್ತೆ. ಇಲ್ಲಿ ಮುಗಿಯೋ ಹೊತ್ತಿಗೆ ನಿಮ್ಮವರ ಬುಟ್ಟಿಯಲ್ಲೋ ಕಂಬಳಿಯಲ್ಲೋ ಕೂತು ಕೆಳಗಿಳಿದರೆ ಆಯ್ತು. ಅಲ್ಲಿ ಮತ್ತೆ ಚಿಗುರಿರುತ್ತೆ."

ಸಣ್ಣತಾಯಿ ಅದರ ಮಾತು ಮುಗಿಯುವ ಮೊದಲೇ ತೋಟದ ನಡುವೆ ಓಡಿದಳು. ತಾನು ಸಿಕ್ಕಿಸಿದ ಬಾಗಿನದ ಕಡ್ಡಿ ಕಿತ್ತು ಕಣ್ಣ ಹತ್ತಿರ ಹಿಡಿದಳು. ಕಡ್ಡಿಯ ಮೈಯಲ್ಲಿ ಎರಡು ಸಣ್ಣ ಕೂದಲು ಹೊರಗೆ ಚಾಚಿಕೊಂಡಿದ್ದವು, ಒಳಗೆ ಹೂತ ಮೊಟ್ಟೆಯ ತುದಿ. ಇನ್ನೊಂದು ಕಡ್ಡಿ ಕಿತ್ತಳು. ಅದರಲ್ಲೂ ಎರಡು ಕೂದಲು. ಇನ್ನೊಂದು. ಅದರಲ್ಲೂ. ಇದನ್ನು ನಾನೇ ನೆಟ್ಟೆ, ನಾನೇ ಕೈಮುಗಿದೆ ಅಂದುಕೊಂಡಳು. ಅಲ್ಲೇ ಕುಕ್ಕರಿಸಿದಳು.

ಆಮೇಲೆ ಎದ್ದಳು. ಸಿಟ್ಟು ಬಂತು. "ಹೊನ್ನಕ್ಕ ಗೊತ್ತಿದ್ದೂ ಕೊಟ್ಟಳೇ?" ಅಂತ ಕಾಡುದಾರಿ ಹಿಡಿದು ಇಳಿದಳು.

ನಡುತೋಟಕ್ಕೆ ಬಂದರೆ ತೋಟವೇ ಕಾಣದು. ದಾರಿಯುದ್ದಕ್ಕೂ ಜರೀಗಿಡದ ತಡಿಕೆ ಕಟ್ಟಿ ಮರೆ ಮಾಡಿದ್ದರು. ತಡಿಕೆ ಸರಿಸಿ ನೋಡಿದಳು. ಒಂದು ಹಸಿರು ಕುಡಿ ಇಲ್ಲ. ಆ ಕರಿ ಗಿಡಗಳ ನಡುವೆ ಹೊನ್ನವ್ವ ಒಬ್ಬಳೇ ಕೂತು, ಪೆಟ್ಟಿಗೆ ತುಂಬೋಕೆ ಬಲಿತ ಎಲೆ ತರಿಯುತ್ತಿದ್ದಳು. ತಂಗಿಯನ್ನು ಕಂಡು ಬೆಚ್ಚಿಬಿದ್ದಳು.

"ಯಾಕಕ್ಕ ಹೇಳಲಿಲ್ಲ?"

ಹೊನ್ನವ್ವ ತಲೆ ತಗ್ಗಿಸಿದಳು. "ದೊಡ್ಡಕ್ಕನ ಗತಿ ಕೇಳಿದ್ದೆನಲ್ಲ. ನಿನ್ನ ಬಾಯಿಗೆ ಹೆದರಿದೆ ಕಣೆ. ಕಣ್ಣಿಗೆ ಚೆನ್ನಾಗಿ ಕಂಡ ಕಡ್ಡಿಯನ್ನೇ ಆರಿಸಿ ಕೊಟ್ಟೆ" ಅಂದಳು.

ಸಣ್ಣತಾಯಿ ಅಕ್ಕನ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಅಡಿತೋಟಕ್ಕೆ ಇಳಿದರು.

ಅಲ್ಲಿ ಇನ್ನೂ ದೊಡ್ಡ ಪೆಟ್ಟು ಕಾದಿತ್ತು. ಕೆಂಚವ್ವನ ಅಂಗಳದಲ್ಲಿ ಗಂಟು, ಮೂಟೆ, ಒರಳುಕಲ್ಲು, ಕೋಳಿ ಪಂಜರ. ಪೆಟ್ಟಿಗೆ ಅರಮನೆಗೆ ಹೋಗುವ ಮೊದಲೇ ಅಡಿತೋಟದ ಮಂದಿ ಬೆಟ್ಟ ಬಿಡಲು ತಯಾರಾಗಿ ನಿಂತಿದ್ದರು. ಹಿಂದಿನ ವರ್ಷ ಜೊತೆಗೆ ನಕ್ಕಿದ್ದ ಹೆಂಗಸರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಸುಮ್ಮನೆ ನಿಂತಿದ್ದರು. ಸಣ್ಣತಾಯಿ ಅವರ ಮುಖ ನೋಡಲಾರದೆ ಹೋದಳು. ಕೆಂಚವ್ವ ಜಗುಲಿಯಲ್ಲಿ ಕೂತಿದ್ದಳು.

"ಬಾಗಿನದ ಕಡ್ಡಿ ಮೂರು ನೀರಲ್ಲಿ ತೊಳೆದಿದ್ದೆ" ಅಂದಳು ಕೆಂಚವ್ವ. "ಕಣ್ಣಿಗೆ ಒಂದು ಹುಳ ಕಾಣಲಿಲ್ಲ. ಮನಸ್ಸಿಗೆ ಮಾತ್ರ ಅಳುಕು. ಹೊನ್ನಿಗೆ ಒಂದು ಮಾತು ಹೇಳೋಣ ಅಂತ ಬಾಯಿವರೆಗೂ ಬಂತು."

"ಹೇಳಬಾರದಿತ್ತೇ ಅಕ್ಕ?"

"ಹೇಳಿದ್ದರೆ ನೀನು ನಗ್ತಿದ್ದೆ."

ಅಷ್ಟೇ ಅಂದದ್ದು. ಜೋರಾಗಿಯೂ ಅನ್ನಲಿಲ್ಲ. ಕರಿ ತೋಟ ಕಂಡಾಗ ಆಗದ ನೋವು ಸಣ್ಣತಾಯಿಗೆ ಆಗ ಆಯಿತು. ಹುಳ ತನ್ನ ತೋಟಕ್ಕೆ ಹತ್ತಿದ್ದು ಈ ವರ್ಷ ಅಲ್ಲ, ಹೋದ ವರ್ಷ ಈ ಅಂಗಳದಲ್ಲಿ ತಾನು ನಕ್ಕ ದಿನವೇ ಅಂತ ಅವಳಿಗೆ ಗೊತ್ತಾಯಿತು. ಅಕ್ಕನ ಕಾಲು ಹಿಡಿದುಕೊಂಡಳು. ತುಂಬಾ ಹೊತ್ತು ಬಿಡಲಿಲ್ಲ.

ಬಿಟ್ಟ ಮೇಲೆ ಕಣ್ಣೊರೆಸಿಕೊಂಡು ಕೂತಳು. ಸೂಜಿಮೂತಿ ಹೇಳಿದ್ದನ್ನೆಲ್ಲ ಹೇಳಿದಳು. "ಮೂರು ಅಡುಗೆಮನೆ ಅಂತ ಮೆರೀತಾ ಇದೆ. ಮೂರು ಒಲೆಯನ್ನೂ ಒಟ್ಟಿಗೆ ಆರಿಸಿಬಿಟ್ಟರೆ? ಒಂದೇ ದಿನ ಮೂರು ತೋಟದ ಒಂದು ಕುಡಿಯನ್ನೂ ಬಿಡದೆ ಮುರಿದು ಸುಟ್ಟರೆ? ಎಲ್ಲಿಗೆ ಹೋಗಿ ತಿನ್ನುತ್ತೆ?"

"ರಾಜನಿಗೆ?" ಅಂದಳು ಹೊನ್ನವ್ವ.

"ರಾಜನ ಹತ್ತಿರ ನಾನು ಮಾತಾಡ್ತೀನಿ. ನನ್ನ ಬಾಯಿ ಇಷ್ಟು ದಿನ ಹಾಳು ಮಾಡಿದ್ದೇ ಆಯ್ತು."

ಮೂವರೂ ತಮ್ಮ ತಮ್ಮ ತೋಟದ ಕರಿ ಎಲೆ ಕಟ್ಟಿಕೊಂಡು ಅರಮನೆಗೆ ಹೋದರು. ಬೆಳಗಿನ ಹೊತ್ತು, ಬೊಮ್ಮರಸ ಕಣ್ಣು ಮುಚ್ಚಿಕೊಂಡು ಕೂತಿದ್ದ. ಆ ಎಲೆಯಲ್ಲೇ ಚಹಾ ಕಾಸಿಸಿ ಬಟ್ಟಲು ಕೊಟ್ಟರು. ರಾಜ ಒಂದು ಗುಟುಕು ಕುಡಿದ. ಕಣ್ಣು ತೆರೆಯಲಿಲ್ಲ, ಸಿಡಿಯಿತು. ಬಾಯಲ್ಲಿದ್ದದ್ದೆಲ್ಲ ಮಂತ್ರಿಯ ಅಂಗಿಯ ಮೇಲೆ ಬಿತ್ತು.

"ಯಾವ ತೋಟದ್ದು ಇದು?" ಅಂತ ಗುಡುಗಿದ.

"ಮೂರರದ್ದೂ ಮಾಸ್ವಾಮಿ" ಅಂದಳು ಸಣ್ಣತಾಯಿ. "ಓಡಿಸೋದಾದರೆ ಮೂರು ತೋಟದವರನ್ನೂ ಓಡಿಸಿ. ಆಮೇಲೆ ಬೆಟ್ಟದಲ್ಲಿ ಹುಳ ಇರುತ್ತೆ, ಕೀಳೋಕೆ ಕೈ ಇರೋಲ್ಲ. ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡಿ. ತೋಟ ಕೆಟ್ಟಿದೆ ಅಂದರೆ ನೀವು ಬೆಟ್ಟ ಇಳಿಸ್ತೀರಿ, ನಾನು ಹಂಗಿಸಿ ನಗ್ತೀನಿ. ಇಬ್ಬರಿಗೂ ಹೆದರಿ ನನ್ನ ಅಕ್ಕಂದಿರು ಬಾಯಿ ಮುಚ್ಚಿಕೊಂಡರು. ಹೆದರದೆ ಇದ್ದದ್ದು ಹುಳ ಒಂದೇ."

ರಾಜ ದಂಗಾಗಿ ಕೂತ. ಅವನಿಗೆ ಹೀಗೆ ಯಾರೂ ಹೇಳಿರಲಿಲ್ಲ, ಕಣ್ಣು ಬಿಟ್ಟಾಗಲಂತೂ ಯಾರೂ ಹೇಳಿರಲಿಲ್ಲ. ಕರಿ ಎಲೆಯನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದ. ಕೊನೆಗೆ, "ಬೆಟ್ಟ ಇಳಿಯೋ ಅಪ್ಪಣೆ ಇವತ್ತಿಗೆ ರದ್ದು. ಹೊಸ ಚಿಗುರು ಬರೋ ತನಕ ನನಗೆ ಶುಂಠಿ ಕಷಾಯ ಸಾಕು" ಅಂದ. ಹೇಳಿ ಮುಖ ಹಿಂಡಿಕೊಂಡ. ಪಾಪ, ಅವನಿಗೂ ಕಷ್ಟವೇ.

ಮರುದಿನ ಬೆಳಗಾಗುತ್ತಲೇ ಅಡಿತೋಟ ತಮಟೆ ಬಾರಿಸಿತು. ನಡುತೋಟ ಅದನ್ನು ಕೇಳಿ ಬಾರಿಸಿತು. ಮುಡಿತೋಟ ಅದನ್ನು ಕೇಳಿ ಬಾರಿಸಿತು. ಕೈ ಆಡುವವರೆಲ್ಲ ತೋಟಕ್ಕೆ ಇಳಿದರು. ಕರಿ ಕುಡಿ, ಹಸಿರು ಕುಡಿ, ಈಗ ಮೂಡಿದ ಮೊಳಕೆ, ಒಂದನ್ನೂ ಬಿಡದೆ ಮುರಿದು ಬೆಂಕಿಗೆ ಹಾಕಿದರು. ಗುಡಿಸಿದ ಅಂಗಳದಲ್ಲಿ ಕಾಳು ಸಿಗುವುದಿಲ್ಲವಲ್ಲ, ಹಾಗೆ ಮಾಡಿದರು. ಮೂರೇ ಮೂರು ಕಡೆ ಮಾತ್ರ, ಒಂದೊಂದು ತೋಟದ ನಟ್ಟನಡುವೆ, ಹೊಸದಾಗಿ ಮೂಡಿದ್ದರಲ್ಲಿ ಆರಿಸಿದ ಎಳೆ ಚಿಗುರು ತುಂಬಿದ ಒಂದೊಂದು ಮೊರ. ಪಕ್ಕದಲ್ಲೇ ಮುಚ್ಚಳದ ಮೊರ, ನಾರು.

ಸೂಜಿಮೂತಿಗೆ ಹಸಿವಾಯಿತು. ಈ ಗಿಡ ನೋಡಿತು, ಬಲಿತ ಎಲೆ. ಆ ಗಿಡ ನೋಡಿತು, ಬಲಿತ ಎಲೆ. ಸೂಜಿ ಚುಚ್ಚಿ ನೋಡಿತು, ಬಾಗಿತು. ಹಾರೋಣ ಅಂದರೆ ಕಾಡು, ಕಾಡಿನ ತುಂಬ ಜೇಡ. ಆಗ ಮೊರದ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ಸಣ್ಣತಾಯಿ ಕೈಮುಗಿದು ನಿಂತಿದ್ದಳು.

"ನೆಂಟರೇ, ನನ್ನ ತೋಟ ಬಿಟ್ಟುಬಿಡಿ. ನಿಮ್ಮ ಬಳಗವನ್ನೆಲ್ಲ ಕರಕೊಂಡು ಈ ಬಾಗಿನ ಹತ್ತಿ. ನಮ್ಮಕ್ಕನ ತೋಟಕ್ಕೆ ಮುಟ್ಟಿಸ್ತೀನಿ. ಅಲ್ಲಿ ಬೇಕಾದಷ್ಟು ಚಿಗುರಿದೆ" ಅಂದಳು.

ಅಡಿತೋಟದಲ್ಲಿ ಕೆಂಚವ್ವನೂ ಹುಳಗಳಿಗೆ ಹಾಗೇ ಹೇಳಿದಳು, "ನಮ್ಮ ತಂಗಿ ತೋಟಕ್ಕೆ ಹೋಗಿ." ನಡುತೋಟದಲ್ಲಿ ಹೊನ್ನವ್ವನೂ ಹಾಗೇ ಹೇಳಿದಳು.

ಸೂಜಿಮೂತಿ ಒಳಗೊಳಗೇ ನಕ್ಕಿತು. 'ತನ್ನ ತೋಟ ಉಳಿದರೆ ಸಾಕು, ಒಡಹುಟ್ಟಿದವಳದ್ದು ಹಾಳಾಗಿ ಹೋಗಲಿ. ಈ ಮನುಷ್ಯರು ಇಷ್ಟೇ. ಇವರನ್ನ ನಂಬಿಕೊಂಡೇ ತಾನೇ ನಾನು ಬೆಟ್ಟ ಹತ್ತಿದ್ದು' ಅಂದುಕೊಂಡಿತು. ಅದಕ್ಕೆ ಒಂದಿಷ್ಟೂ ಅನುಮಾನ ಬರಲಿಲ್ಲ. ಅಕ್ಕತಂಗಿಯರು ಒಟ್ಟಾಗಿರಬಹುದು ಅನ್ನೋದು ಅದರ ತಲೆಗೇ ಹೊಳೆಯಲಿಲ್ಲ. ಮಕ್ಕಳು, ಮರಿ, ದೊಡ್ಡಪ್ಪ, ಚಿಕ್ಕಪ್ಪ, ಎಲ್ಲರನ್ನೂ ಕೂಗಿ ಕರೆದು ಮೊರದ ತುಂಬ ಕೂತಿತು. ಸಣ್ಣತಾಯಿ ಮುಚ್ಚಳ ಹಾಕಿದಳು. ನಾರು ಬಿಗಿದಳು.

ತಲೆಯ ಮೇಲೆ ಹೊತ್ತಳು. ನಡೆದಳು. ಸ್ವಲ್ಪ ದೂರ ಹೋದ ಮೇಲೆ ಒಳಗಿನಿಂದ ದನಿ ಬಂತು.

"ತಾಯಿ, ಈ ಸಲ ಹಾಡೋಲ್ಲವೇ?"

"ಇಲ್ಲ."

ಇನ್ನೂ ಸ್ವಲ್ಪ ದೂರ.

"ತಾಯಿ, ಇಳಿಜಾರೇ ಬರಲಿಲ್ಲವಲ್ಲ. ಅಕ್ಕನ ತೋಟ ಇಷ್ಟು ಹತ್ತಿರವೇ?"

"ಹತ್ತಿರವೇ."

ಇನ್ನೂ ಸ್ವಲ್ಪ ಹೊತ್ತು.

"ತಾಯಿ, ಸೆಕೆ ಆಗ್ತಿದೆ. ಎಲ್ಲಿಗೆ ತಂದಿರಿ? ಮುಚ್ಚಳ ಸ್ವಲ್ಪ ತೆಗೀರಿ."

ಸಣ್ಣತಾಯಿ ಎಲೆ ಒಣಗಿಸುವ ದೊಡ್ಡ ಒಲೆಯ ಮುಂದೆ ನಿಂತಿದ್ದಳು. "ಬಾಗಿನ ಕಣಪ್ಪ. ಮುಟ್ಟೋ ಜಾಗ ಮುಟ್ಟೋ ತನಕ ಮುಚ್ಚಳ ತೆಗೆಯೋ ಹಾಗಿಲ್ಲ. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ" ಅಂದಳು. ಮೊರವನ್ನು ಹಾಗೇ ಉರಿಗೆ ತಳ್ಳಿದಳು. ಅದೇ ಹೊತ್ತಿಗೆ ನಡುತೋಟದ ಒಲೆಗೂ ಒಂದು ಮೊರ ಹೋಯಿತು, ಅಡಿತೋಟದ ಒಲೆಗೂ ಒಂದು ಮೊರ ಹೋಯಿತು. ಬೆಟ್ಟದ ಮೂರು ಕಡೆ ಮೂರು ಹೊಗೆ ಎದ್ದಿತು.

ಮಳೆ ಬಂತು. ಬೋಳಾದ ಗಿಡ ಮತ್ತೆ ಕಣ್ಣು ಬಿಟ್ಟಿತು, ಆಮೇಲೆ ರಾಜನೂ ಬಿಟ್ಟ. ಕೆಂಚವ್ವನ ಮಂದಿ ಕಟ್ಟಿದ ಗಂಟು ಬಿಚ್ಚಿದರು.

ಮುಂದಿನ ವರ್ಷ ಬಾಗಿನದ ದಿನ ಮೂರು ತೋಟದವರೂ ಒಂದೇ ಕಡೆ ಸೇರಿದರು. ಕೆಂಚವ್ವ ಮೊರ ತಂದಳು. ಮುಚ್ಚಳ ಇರಲಿಲ್ಲ. ಮೊರದ ಮೇಲುಗಡೆ, ಎಲ್ಲರಿಗೂ ಕಾಣುವ ಹಾಗೆ, ಚುಕ್ಕೆ ಬಿದ್ದ ಒಂದು ಎಲೆ ಇಟ್ಟಿದ್ದಳು. "ಬೇಲಿ ಪಕ್ಕದ ಒಂದು ಗಿಡದಲ್ಲಿ ಇದು ಸಿಕ್ಕಿತು. ಕಿತ್ತು ಸುಟ್ಟಿದೀನಿ. ನೀವೂ ಒಂದು ಸಲ ನೋಡಿಕೊಳ್ಳಿ" ಅಂತ ಎಲ್ಲರೆದುರಿಗೆ ಹೇಳಿದಳು. ಹೇಳುವಾಗ ಕಣ್ಣು ತಾನಾಗಿ ಸಣ್ಣತಾಯಿಯ ಕಡೆ ಹೋಯಿತು.

ಸಣ್ಣತಾಯಿ ನಗಲಿಲ್ಲ. ಎದ್ದು ಬಂದಳು. ಆ ಚುಕ್ಕೆ ಎಲೆಯನ್ನು ಮೊದಲು ಸೆರಗಿನಲ್ಲಿ ಇಸ್ಕೊಂಡು ಕಣ್ಣಿಗೊತ್ತಿಕೊಂಡಳು. "ಹೇಳಿದೆಯಲ್ಲ ಅಕ್ಕ, ಇದೇ ನನಗೆ ಬಾಗಿನ" ಅಂದಳು. ಆಮೇಲೆ ಮೂರು ತೋಟದವರೂ ಎದ್ದು ತಮ್ಮ ತಮ್ಮ ಬೇಲಿ ನೋಡಿಕೊಳ್ಳಲು ಹೋದರು.

ಇದರ ನೀತಿ ಏನು ಅಂತ ಕೇಳಬೇಡಿ, ನಾನೇ ಹೇಳ್ತೀನಿ. ಪಕ್ಕದವರ ಕಷ್ಟ ನೋಡಿ ನಕ್ಕರೆ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಅವರು ಬಾಯಿ ಮುಚ್ಚಿಕೊಂಡರೆ ಆ ಕಷ್ಟ ಸದ್ದಿಲ್ಲದೆ ನಿಮ್ಮ ಮನೆಗೂ ಬರುತ್ತದೆ. ನೀವು ಎಷ್ಟು ಎತ್ತರದಲ್ಲಿದ್ದರೂ ಬರುತ್ತದೆ. ಆದ್ದರಿಂದ ಕಷ್ಟ ಬಂದವರು ಬಚ್ಚಿಡದೆ ಹೇಳಿ, ಕೇಳಿದವರು ನಗದೆ ಕೇಳಿ.

ತಗೊಳ್ಳಿ, ಕತೆ ನಿಮ್ಮ ಸೆರಗಿಗೆ ಹಾಕಿದೀನಿ. ಮುಚ್ಚಳ ಹಾಕಿಲ್ಲ, ನೋಡಿಕೊಂಡು ಒಯ್ಯಿರಿ.